ಯಕೃತ್ತಿನ ಗಡಸುತನ ಅಳೆಯುವ ಅಲೆ

ಸಂತೆಯಲ್ಲಿ ಕಲ್ಲಂಗಡಿ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಮಾವಿನ ಹಣ್ಣನ್ನು ಮೆತ್ತಗೆ ಅದುಮಿ ನೋಡುತ್ತಾರೆ. ಹಲಸಿನಕಾಯಿ ಬಲಿತಿದೆಯೇ ಇಲ್ಲವೇ ಎಂಬುದನ್ನು ಮಲೆನಾಡಿನ ಹಿರಿಯರು ಬಡಿದಾಗ ಬರುವ ಸದ್ದಿನಿಂದಲೇ ಹೇಳಬಲ್ಲರು. ಕೊಯ್ಯದೆಯೇ ಒಳಗಿನ ಸ್ಥಿತಿ ತಿಳಿಯುವ ಈ ಉಪಾಯ ವೈದ್ಯಶಾಸ್ತ್ರಕ್ಕೂ ಹೊಸದಲ್ಲ. ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ವಿಷಯ ಅರಿಯುವ ವಿಧಾನವನ್ನು ಆಸ್ಟ್ರಿಯಾದ ವೈದ್ಯ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್ 1761ರಲ್ಲಿ ಪ್ರಕಟಿಸಿದ. ಆತ ಒಬ್ಬ ಛತ್ರದ ಮಾಲೀಕನ ಮಗ. ಪೀಪಾಯಿಯಲ್ಲಿ ದ್ರಾಕ್ಷಾರಸ ಎಷ್ಟು ಉಳಿದಿದೆ ಎಂಬುದನ್ನು ತಟ್ಟಿ ತಿಳಿಯುವುದನ್ನು ಅವನು ಬಾಲ್ಯದಲ್ಲೇ ಕಂಡಿದ್ದನೆಂದು ಹೇಳುತ್ತಾರೆ.

ಇಂದಿಗೂ ವೈದ್ಯರು ನಮ್ಮನ್ನು ಅಂಗಾತ ಮಲಗಿಸಿ, ಬಲಪಕ್ಕೆಯ ಕೆಳಗೆ ಬೆರಳಿಟ್ಟು, "ಉಸಿರು ಒಳಗೆಳೆದುಕೊಳ್ಳಿ" ಎನ್ನುತ್ತಾರೆ. ಅವರು ಹುಡುಕುತ್ತಿರುವುದು ಯಕೃತ್ತಿನ ಅಂಚನ್ನು. ಅದು ಮೆತ್ತಗಿದೆಯೇ, ಗಟ್ಟಿಯಾಗಿದೆಯೇ ಎಂಬುದು ಅವರ ಪ್ರಶ್ನೆ. ಆದರೆ ಬೆರಳಿಗೆ ಸಿಗುವಷ್ಟು ಗಟ್ಟಿಯಾಗುವ ಹೊತ್ತಿಗೆ ರೋಗ ಬಹಳ ದೂರ ಸಾಗಿರುತ್ತದೆ. ಬೆರಳಿಗಿಂತ ಸೂಕ್ಷ್ಮವಾದ ಸಾಧನವೊಂದು ಬೇಕಿತ್ತು. ಕಳೆದ ಮೂರು ದಶಕಗಳಲ್ಲಿ ವಿಜ್ಞಾನ ಅದನ್ನು ಕೊಟ್ಟಿದೆ. ಅದರ ಹೆಸರು ಎಲಾಸ್ಟೋಗ್ರಫಿ. ಅದರ ಮೂಲತತ್ತ್ವ ಮಾತ್ರ ಹೈಸ್ಕೂಲಿನ ತರಂಗಗಳ ಪಾಠದಲ್ಲೇ ಇದೆ.

ನೋವು ಹೇಳದ ಅಂಗ

ಪಠ್ಯಪುಸ್ತಕದಲ್ಲಿ ಪಿತ್ತಜನಕಾಂಗವೆಂದೂ ಆಡುಮಾತಿನಲ್ಲಿ ಲಿವರ್ ಎಂದೂ ಕರೆಯುವ ಯಕೃತ್ತು ನಮ್ಮ ದೇಹದ ಅತಿ ದೊಡ್ಡ ಗ್ರಂಥಿ. ದೊಡ್ಡವರಲ್ಲಿ ಇದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಪಿತ್ತರಸ ತಯಾರಿಸುವುದು, ಸಕ್ಕರೆಯನ್ನು ಕೂಡಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ಒದಗಿಸುವುದು, ವಿಷಪದಾರ್ಥಗಳನ್ನು ನಿರುಪದ್ರವಿಯಾಗಿಸುವುದು ಹೀಗೆ ಹತ್ತಾರು ಕೆಲಸಗಳು ಇದರ ಪಾಲಿಗಿವೆ. ಇದರ ಒಳಭಾಗದಲ್ಲಿ ನೋವನ್ನು ತಿಳಿಸುವ ನರಗಳಿಲ್ಲ, ಹೊರಗಿನ ತೆಳುಹೊದಿಕೆಯಲ್ಲಿ ಮಾತ್ರ ಇವೆ. ಆದ್ದರಿಂದ ವರ್ಷಗಟ್ಟಲೆ ಹಾನಿಯಾಗುತ್ತಿದ್ದರೂ ಮನುಷ್ಯನಿಗೆ ತಿಳಿಯದೆ ಹೋಗಬಹುದು.

ಹಾನಿಗೆ ಕಾರಣಗಳು ಹಲವು. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಮದ್ಯಪಾನ, ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ಜೊತೆಗೆ ಬರುವ ಕೊಬ್ಬು ಶೇಖರಣೆ ಮುಖ್ಯವಾದವು. ಗಾಯ ಮಾಯುವಾಗ ಚರ್ಮದ ಮೇಲೆ ಗಟ್ಟಿ ಕಲೆ ಉಳಿಯುವುದನ್ನು ನಾವು ಕಂಡಿದ್ದೇವೆ. ಯಕೃತ್ತಿನಲ್ಲೂ ಹಾಗೆಯೇ. ಪದೇ ಪದೇ ಪೆಟ್ಟು ಬಿದ್ದಾಗ ಅಲ್ಲಿನ ನಕ್ಷತ್ರಾಕಾರದ ಜೀವಕೋಶಗಳು ಎಚ್ಚೆತ್ತು ಕೊಲಾಜನ್ ಎಂಬ ನಾರಿನಂಥ ಪ್ರೋಟೀನನ್ನು ನೇಯತೊಡಗುತ್ತವೆ. ಇದೇ ಫೈಬ್ರೋಸಿಸ್, ಅಂದರೆ ನಾರುಗಟ್ಟುವಿಕೆ. ನಾರಿಲ್ಲದ ಸ್ಥಿತಿಯನ್ನು ಸೊನ್ನೆಯೆಂದೂ ಕೊನೆಯ ಸ್ಥಿತಿಯನ್ನು ನಾಲ್ಕೆಂದೂ ವೈದ್ಯರು ಐದು ಹಂತಗಳಲ್ಲಿ ಗುರುತಿಸುತ್ತಾರೆ. ನಾಲ್ಕನೆಯ ಹಂತಕ್ಕೆ ಸಿರೋಸಿಸ್ ಎಂದು ಹೆಸರು. ಈ ಹೆಸರನ್ನು 1819ರಲ್ಲಿ ಕೊಟ್ಟವನು ಸ್ಟೆತಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ರೆನೆ ಲಾಯೆನೆಕ್. ಕಂದುಹಳದಿ ಬಣ್ಣವನ್ನು ಸೂಚಿಸುವ ಗ್ರೀಕ್ ಪದದಿಂದ ಆತ ಇದನ್ನು ರೂಪಿಸಿದ.

ಇಲ್ಲೊಂದು ಸಮಾಧಾನದ ಸಂಗತಿಯಿದೆ. ಆರಂಭದ ಹಂತಗಳಲ್ಲಿ ಕಾರಣವನ್ನು ನಿವಾರಿಸಿದರೆ ಈ ನಾರು ಕರಗಬಲ್ಲದು. ವೈರಸ್ಸನ್ನು ಔಷಧದಿಂದ ಹತೋಟಿಗೆ ತಂದಾಗ, ಮದ್ಯ ಬಿಟ್ಟಾಗ, ತೂಕ ಇಳಿಸಿದಾಗ ಯಕೃತ್ತು ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಬೇಗ ಪತ್ತೆಹಚ್ಚುವುದೇ ಮುಖ್ಯ.

ಸೂಜಿಯ ದಾರಿ

ಬಹುಕಾಲ ಇದಕ್ಕಿದ್ದ ಖಚಿತ ಮಾರ್ಗ ಬಯಾಪ್ಸಿ ಒಂದೇ. ಪಕ್ಕೆಲುಬುಗಳ ನಡುವೆ ಸೂಜಿ ಚುಚ್ಚಿ, ಯಕೃತ್ತಿನ ದಾರದಂಥ ತುಣುಕನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹಾನಿಯ ಕಾರಣವನ್ನು ಇದು ಬಹಳಷ್ಟು ಸಲ ನೇರವಾಗಿ ತೋರಿಸುತ್ತದೆ. ಹಾಗಾಗಿ ಇಂದೂ ಅದಕ್ಕೆ ತನ್ನದೇ ಸ್ಥಾನವಿದೆ. ಆದರೆ ನೋವು, ಅಪರೂಪಕ್ಕಾದರೂ ರಕ್ತಸ್ರಾವದ ಭಯ, ಕೆಲವು ಗಂಟೆಗಳ ಕಡ್ಡಾಯ ವಿಶ್ರಾಂತಿ ಇವೆಲ್ಲ ಅದರ ಜೊತೆಗಿವೆ. ಇನ್ನೊಂದು ತೊಡಕೂ ಇದೆ. ಸೂಜಿಯಲ್ಲಿ ಸಿಗುವುದು ಇಡೀ ಯಕೃತ್ತಿನ ಸುಮಾರು 50,000ದಲ್ಲಿ ಒಂದು ಭಾಗ ಮಾತ್ರ. ಒಂದು ಅಗುಳು ಹಿಸುಕಿ ಅನ್ನ ಬೆಂದಿದೆಯೆಂದು ಹೇಳುವುದು ಸರಿ, ಏಕೆಂದರೆ ಪಾತ್ರೆಯ ಅನ್ನವೆಲ್ಲ ಹೆಚ್ಚುಕಡಿಮೆ ಒಂದೇ ಹದಕ್ಕೆ ಬೆಂದಿರುತ್ತದೆ. ಯಕೃತ್ತಿನಲ್ಲಿ ನಾರು ಎಲ್ಲ ಕಡೆ ಒಂದೇ ಸಮನಾಗಿ ಹರಡಿರಬೇಕೆಂದೇನೂ ಇಲ್ಲ. ಇದಲ್ಲದೆ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಆರು ತಿಂಗಳಿಗೊಮ್ಮೆ ಸೂಜಿ ಚುಚ್ಚಿಸಿಕೊಳ್ಳಲು ಯಾರು ತಾನೇ ಒಪ್ಪುತ್ತಾರೆ?

ಹಾಗಾದರೆ ಗರ್ಭಿಣಿಯರಿಗೆ ಮಾಡುವಂಥ ಸಾಮಾನ್ಯ ಅಲ್ಟ್ರಾಸೌಂಡ್ ಸ್ಕ್ಯಾನ್ ಸಾಲದೇ? ಸಾಲದು. ಕೊಬ್ಬು ತುಂಬಿರುವುದನ್ನೂ, ರೋಗ ಬಲಿತು ಅಂಚು ಗಂಟುಗಂಟಾಗಿರುವುದನ್ನೂ ಅದು ತೋರಿಸಬಲ್ಲದು. ನಡುವಿನ ಹಂತಗಳ ನಾರು ಅದರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಏಕೆ ಎಂಬುದನ್ನು ತಿಳಿಯಲು ತರಂಗಗಳ ಪಾಠಕ್ಕೆ ಹೋಗಬೇಕು.

ಎರಡು ಬಗೆಯ ತರಂಗಗಳು

ಶಬ್ದವು ನೀಳ ತರಂಗ. ಅಂದರೆ ತರಂಗ ಸಾಗುವ ದಿಕ್ಕಿನಲ್ಲೇ ಮಾಧ್ಯಮದ ಕಣಗಳು ಹಿಂದೆ ಮುಂದೆ ಕಂಪಿಸುತ್ತವೆ. ಮಾಧ್ಯಮವನ್ನು ಒತ್ತಿ ಕುಗ್ಗಿಸುವುದು ಎಷ್ಟು ಕಷ್ಟ ಎಂಬುದರ ಮೇಲೆ ಇದರ ವೇಗ ನಿಂತಿದೆ. ನಮ್ಮ ದೇಹದ ಮೃದು ಅಂಗಾಂಶಗಳೆಲ್ಲ ಬಹುಪಾಲು ನೀರು. ನೀರನ್ನು ಕುಗ್ಗಿಸುವುದು ಬಹಳ ಕಷ್ಟ. ಹೀಗಾಗಿ ಮೆತ್ತಗಿನ ಯಕೃತ್ತಿರಲಿ, ಗಟ್ಟಿಯಾದದ್ದಿರಲಿ, ಶ್ರವಣಾತೀತ ಧ್ವನಿ ಅದರಲ್ಲಿ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲೇ ಸಾಗುತ್ತದೆ. ಗಡಸುತನದ ವ್ಯತ್ಯಾಸ ಆ ವೇಗದಲ್ಲಿ ಕಾಣುವುದೇ ಇಲ್ಲ ಎನ್ನಬಹುದು.

ಇನ್ನೊಂದು ಬಗೆಯದು ಅಡ್ಡ ತರಂಗ. ಇದರಲ್ಲಿ ಕಣಗಳು ತರಂಗದ ದಿಕ್ಕಿಗೆ ಲಂಬವಾಗಿ ಕಂಪಿಸುತ್ತವೆ. ಎಮ್ಮೆಯ ಗಿಣ್ಣು ಬೇಯಿಸಿ ತಟ್ಟೆಯಲ್ಲಿಟ್ಟು ಪಕ್ಕದಿಂದ ಮೆಲ್ಲನೆ ತಟ್ಟಿದರೆ ಅದು ತುಳುಕಾಡುತ್ತದಲ್ಲ, ಆ ತುಳುಕಾಟವೇ ಅಡ್ಡ ತರಂಗ. ಅಂಗಾಂಶದ ಆಕಾರವನ್ನು ಓರೆಯಾಗಿಸುವುದು ಎಷ್ಟು ಕಷ್ಟ ಎಂಬುದರ ಮೇಲೆ ಇದರ ವೇಗ ನಿಂತಿದೆ. ಬೆರಳಿಗೆ ತಿಳಿಯುವ ಗಡಸುತನವೂ ಅದೇ. ಮೃದು ಅಂಗಾಂಶಗಳಲ್ಲಿ ಈ ತರಂಗ ಬಹಳ ನಿಧಾನ, ಸೆಕೆಂಡಿಗೆ ಸಾಮಾನ್ಯವಾಗಿ ಒಂದರಿಂದ ಹತ್ತು ಮೀಟರ್ ಅಷ್ಟೇ.

ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಬಹುದು. ಬಟ್ಟೆ ಒಣಹಾಕುವ ಉದ್ದನೆಯ ಹಗ್ಗವನ್ನು ಸಡಿಲವಾಗಿ ಹಿಡಿದು ಒಂದು ತುದಿಯನ್ನು ಝಾಡಿಸಿ. ಅಲೆ ನಿಧಾನವಾಗಿ ಆಚೆ ತುದಿಗೆ ಹೋಗುತ್ತದೆ. ಅದೇ ಹಗ್ಗವನ್ನು ಬಿಗಿಯಾಗಿ ಎಳೆದು ಝಾಡಿಸಿ. ಅಲೆ ಸರಕ್ಕನೆ ಓಡುತ್ತದೆ. ಹಗ್ಗದ ಬಿಗಿತವೂ ಅಂಗಾಂಶದ ಗಡಸುತನವೂ ಒಂದೇ ಅಲ್ಲ. ಆದರೂ ಬಿಗಿ ಹೆಚ್ಚಿದಂತೆ ಅಲೆಯ ವೇಗ ಹೆಚ್ಚುತ್ತದೆ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ.

ಭೂಕಂಪದಲ್ಲೂ ಈ ಎರಡೂ ಬಗೆಯ ತರಂಗಗಳಿವೆ. 1897ರ ಜೂನ್ 12ರಂದು ಅಸ್ಸಾಮಿನಲ್ಲಿ ಭಾರಿ ಭೂಕಂಪವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ದೂರದ ಉಪಕರಣಗಳಲ್ಲಿ ದಾಖಲಾದ ಅದರ ಕಂಪನಗಳನ್ನು ಪರಿಶೀಲಿಸಿದ. ಮೊದಲು ಬರುವುದು ನೀಳ ತರಂಗ, ಹಿಂದಿನಿಂದ ಬರುವುದು ಅಡ್ಡ ತರಂಗ ಎಂದು ಬೇರ್ಪಡಿಸಿ ತೋರಿಸಿದ. ಅಡ್ಡ ತರಂಗಗಳು ದ್ರವದೊಳಗೆ ಸಾಗಲಾರವು. ಭೂಗರ್ಭದ ಹೊರಪದರ ದ್ರವರೂಪದಲ್ಲಿದೆ ಎಂಬ ತಿಳಿವಳಿಕೆಗೆ ಮುಂದೆ ಆಧಾರವಾದದ್ದೂ ಇದೇ ಗುಣ. ಭೂಮಿಯನ್ನು ಅಗೆಯದೆ ಅದರ ಒಡಲನ್ನು ಅರಿತ ರೀತಿಯಲ್ಲೇ ಈಗ ಮನುಷ್ಯನ ಒಡಲನ್ನೂ ಅರಿಯಲಾಗುತ್ತಿದೆ.

ಆಮೆಯ ಬೆನ್ನಟ್ಟುವ ಮೊಲ

1991ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಜೊನಾಥನ್ ಓಫಿರ್ ಮತ್ತು ಸಂಗಡಿಗರು ಎಲಾಸ್ಟೋಗ್ರಫಿ ಎಂಬ ಪದವನ್ನು ಬಳಕೆಗೆ ತಂದರು. ಅಂಗಾಂಶವನ್ನು ಸ್ವಲ್ಪ ಅದುಮಿ, ಅದುಮುವ ಮೊದಲಿನ ಮತ್ತು ಆಮೇಲಿನ ಅಲ್ಟ್ರಾಸೌಂಡ್ ಸಂಕೇತಗಳನ್ನು ಹೋಲಿಸಿ, ಯಾವ ಭಾಗ ಎಷ್ಟು ಕುಗ್ಗಿತು ಎಂದು ನೋಡುವ ವಿಧಾನ ಅದು. ಪಕ್ಕೆಲುಬಿನ ಮರೆಯಲ್ಲಿರುವ ಯಕೃತ್ತನ್ನು ಹೀಗೆ ಸಮನಾಗಿ ಅದುಮುವುದು ಕಷ್ಟ. ಇದಕ್ಕೆ ಪರಿಹಾರ ಪ್ಯಾರಿಸ್ಸಿನಿಂದ ಬಂತು. ಲಾರೆಂಟ್ ಸ್ಯಾಂಡ್ರಿನ್ ಮತ್ತು ಸಂಗಡಿಗರು 2003ರಲ್ಲಿ ಅಡ್ಡ ತರಂಗದ ವೇಗದಿಂದ ಯಕೃತ್ತಿನ ಗಡಸುತನ ಅಳೆದ ವರದಿ ಪ್ರಕಟಿಸಿದರು. ಈಗ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಫೈಬ್ರೋಸ್ಕ್ಯಾನ್ ಎಂಬ ಹೆಸರಿನಲ್ಲಿ ಕಾಣಸಿಗುವ ಯಂತ್ರ ಇದೇ.

ರೋಗಿ ಅಂಗಾತ ಮಲಗಿ ಬಲಗೈಯನ್ನು ತಲೆಯ ಹಿಂದಿಡುತ್ತಾನೆ. ಪಕ್ಕೆಲುಬುಗಳ ನಡುವಿನ ಸಂದಿನಲ್ಲಿ ಪೆನ್ನಿನ ತುದಿಯಂತೆ ಮುಂಚಾಚಿದ ಒಂದು ಉಪಕರಣವನ್ನಿಟ್ಟು ಗುಂಡಿ ಒತ್ತುತ್ತಾರೆ. ಬೆರಳಿನಿಂದ ಮೆಲ್ಲನೆ ತಟ್ಟಿದ ಹಾಗಾಗುತ್ತದೆ, ಅಷ್ಟೇ. ಆ ತಟ್ಟುವಿಕೆಯ ಆವೃತ್ತಿ ಸೆಕೆಂಡಿಗೆ 50 ಕಂಪನ. ಅದರಿಂದ ಹುಟ್ಟಿದ ಅಡ್ಡ ತರಂಗ ಯಕೃತ್ತಿನೊಳಗೆ ಇಳಿಯತೊಡಗುತ್ತದೆ. ಅದೇ ತುದಿಯಿಂದ ಹೊರಡುವ ಶ್ರವಣಾತೀತ ಧ್ವನಿ ಅದನ್ನು ಹಿಂಬಾಲಿಸುತ್ತದೆ. ಅಡ್ಡ ತರಂಗಕ್ಕಿಂತ ಶ್ರವಣಾತೀತ ಧ್ವನಿಯ ವೇಗ ಸಾವಿರ ಪಟ್ಟು ಹೆಚ್ಚು. ಅಡ್ಡ ತರಂಗ ನಾಲ್ಕು ಸೆಂಟಿಮೀಟರ್ ಸಾಗಲು ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಹೊತ್ತು ತೆಗೆದುಕೊಂಡರೆ, ಅಷ್ಟರಲ್ಲಿ ಧ್ವನಿ ನೂರಾರು ಸಲ ಒಳಗೆ ಹೋಗಿ ಮರಳಿ ಬರಬಲ್ಲದು. ಆಮೆ ಎಲ್ಲಿಯವರೆಗೆ ಬಂತು ಎಂದು ಮೊಲ ಮತ್ತೆ ಮತ್ತೆ ಓಡಿಹೋಗಿ ನೋಡಿಕೊಂಡು ಬಂದಂತೆ!

ಹೀಗೆ ವೇಗ ಸಿಕ್ಕಿತು. ಗಡಸುತನಕ್ಕೆ ಒಂದು ಸರಳ ಸೂತ್ರವಿದೆ. ವೇಗದ ವರ್ಗವನ್ನು ಅಂಗಾಂಶದ ಸಾಂದ್ರತೆಯಿಂದ ಗುಣಿಸಿ, ಮತ್ತೆ ಮೂರರಿಂದ ಗುಣಿಸಬೇಕು. ಸಾಂದ್ರತೆ ನೀರಿನಷ್ಟೇ, ಅಂದರೆ ಘನ ಮೀಟರಿಗೆ 1,000 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ವೇಗ ಸೆಕೆಂಡಿಗೆ 1.3 ಮೀಟರ್ ಆದರೆ ಗಡಸುತನ ಸುಮಾರು 5 ಕಿಲೋಪ್ಯಾಸ್ಕಲ್. ಇದು ಆರೋಗ್ಯವಂತ ಯಕೃತ್ತಿನ ಮಟ್ಟ. ವೇಗ 2 ಮೀಟರ್ ಆದರೆ 12 ಕಿಲೋಪ್ಯಾಸ್ಕಲ್. ವೇಗ 2.6 ಮೀಟರ್ ಆದರೆ ಸುಮಾರು 20. ವೇಗ ಎರಡು ಪಟ್ಟಾದರೆ ಗಡಸುತನ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂದೇ ಅಳತೆಯನ್ನು ನಂಬದೆ ಕನಿಷ್ಠ ಹತ್ತು ಸಲ ಅಳೆದು ಅವುಗಳ ಮಧ್ಯದ ಬೆಲೆಯನ್ನು ತೆಗೆದುಕೊಳ್ಳುತ್ತಾರೆ. ಅಳೆಯುವ ಭಾಗ ಒಂದು ಸೆಂಟಿಮೀಟರ್ ಅಗಲ, ನಾಲ್ಕು ಸೆಂಟಿಮೀಟರ್ ಉದ್ದದ ಕೊಳವೆಯಷ್ಟು. ಬಯಾಪ್ಸಿಯ ತುಣುಕಿಗೆ ಹೋಲಿಸಿದರೆ ಇದು ಸುಮಾರು ನೂರು ಪಟ್ಟು ದೊಡ್ಡದು.

ಹೊಟ್ಟೆಯಲ್ಲಿ ನೀರು ತುಂಬಿದ ಜಲೋದರದ ರೋಗಿಗಳಲ್ಲಿ ಈ ಯಂತ್ರ ಕೆಲಸ ಮಾಡುವುದಿಲ್ಲ. ಕಾರಣ ಓಲ್ಡ್‌ಹ್ಯಾಮನ ಭೂಕಂಪದ ಪಾಠದಲ್ಲೇ ಇದೆ. ನೀರಿನ ಪದರವನ್ನು ಅಡ್ಡ ತರಂಗ ದಾಟಲಾರದು. ಇಂಥಲ್ಲಿ ಬೇರೊಂದು ವಿಧಾನ ನೆರವಿಗೆ ಬರುತ್ತದೆ. ಶ್ರವಣಾತೀತ ಧ್ವನಿಯನ್ನೇ ಯಕೃತ್ತಿನೊಳಗಿನ ಒಂದು ಬಿಂದುವಿಗೆ ಕೇಂದ್ರೀಕರಿಸಿದರೆ ಅದು ಅಲ್ಲಿ ಅಂಗಾಂಶವನ್ನು ಕ್ಷಣಕಾಲ ತಳ್ಳುತ್ತದೆ. ಅಡ್ಡ ತರಂಗ ಅಲ್ಲೇ, ಒಳಗೇ ಹುಟ್ಟುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಥರಿನ್ ನೈಟಿಂಗೇಲ್ ಈ ದಾರಿಯಲ್ಲಿ ಮುಖ್ಯ ಕೆಲಸ ಮಾಡಿದವರು. 2004ರಲ್ಲಿ ಪ್ಯಾರಿಸ್ಸಿನ ಮಥಿಯಾಸ್ ಫಿಂಕ್ ಅವರ ತಂಡ, ತಳ್ಳುವ ಬಿಂದುವನ್ನು ಅಡ್ಡ ತರಂಗಕ್ಕಿಂತ ವೇಗವಾಗಿ ಕೆಳಗಿಳಿಸುವ ತಂತ್ರವನ್ನು ವಿವರಿಸಿತು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದ ಹಿಂದೆ ಏಳುವಂಥ ಶಂಕುವಿನಾಕಾರದ ಅಲೆ ಅದರಿಂದ ಹುಟ್ಟುತ್ತದೆ.

ಸ್ಪ್ರಿಂಗೂ ಎಣ್ಣೆಯೂ

ಮೇಲಿನ ಸೂತ್ರದಲ್ಲಿ ಒಂದು ವಿಷಯ ಅಡಗಿದೆ. ಯಕೃತ್ತು ರಬ್ಬರಿನಂತೆ ಕೇವಲ ಸ್ಥಿತಿಸ್ಥಾಪಕ ವಸ್ತು ಎಂದು ಅದು ಭಾವಿಸುತ್ತದೆ. ನಿಜದಲ್ಲಿ ಯಕೃತ್ತಿಗೆ ರಬ್ಬರಿನ ಗುಣವೂ ಇದೆ, ಜೇನುತುಪ್ಪದಂಥ ಸ್ನಿಗ್ಧತೆಯೂ ಇದೆ. ಮೋಟಾರ್ ಸೈಕಲ್ಲಿನ ಶಾಕ್ ಅಬ್ಸಾರ್ಬರನ್ನು ನೆನಪಿಸಿಕೊಳ್ಳಿ. ಅದರಲ್ಲಿ ಸ್ಪ್ರಿಂಗ್ ಇದೆ, ಜೊತೆಗೆ ಎಣ್ಣೆ ತುಂಬಿದ ಕೊಳವೆಯೂ ಇದೆ. ನಿಧಾನವಾಗಿ ಒತ್ತಿದರೆ ಎಣ್ಣೆ ಅಷ್ಟಾಗಿ ತಡೆಯೊಡ್ಡುವುದಿಲ್ಲ, ಸ್ಪ್ರಿಂಗಿನ ಬಲವೇ ತಿಳಿಯುತ್ತದೆ. ಥಟ್ಟನೆ ಒತ್ತಿದರೆ ಎಣ್ಣೆ ಎದುರು ನಿಲ್ಲುತ್ತದೆ, ಇಡೀ ಸಾಧನ ಗಡಸಾಗಿ ತೋರುತ್ತದೆ. ಅಂಗಾಂಶಗಳ ನಡವಳಿಕೆಗೂ ವಿಜ್ಞಾನಿಗಳು ಬಳಸುವ ಸರಳ ಮಾದರಿ ಇದೇ, ಒಂದು ಸ್ಪ್ರಿಂಗ್ ಮತ್ತು ಅದರ ಪಕ್ಕದಲ್ಲೊಂದು ಎಣ್ಣೆಯ ಕೊಳವೆ. ಕೆಲ್ವಿನ್ ಮತ್ತು ವಾಯ್ಟ್ ಎಂಬ ಇಬ್ಬರು ಭೌತವಿಜ್ಞಾನಿಗಳ ಹೆಸರು ಅದಕ್ಕಿದೆ.

ಇದರ ಪರಿಣಾಮವೇನು? ಕೇವಲ ಸ್ಪ್ರಿಂಗಿನಂಥ ವಸ್ತುವಿನಲ್ಲಿ ಎಲ್ಲ ಆವೃತ್ತಿಯ ತರಂಗಗಳೂ ಒಂದೇ ವೇಗದಲ್ಲಿ ಸಾಗುತ್ತವೆ. ಸ್ನಿಗ್ಧತೆಯಿದ್ದಲ್ಲಿ ಹೆಚ್ಚಿನ ಆವೃತ್ತಿಯ ತರಂಗ ಹೆಚ್ಚು ವೇಗವಾಗಿ ಓಡುತ್ತದೆ, ಬೇಗನೆ ಬಳಲಿ ಆರಿಯೂ ಹೋಗುತ್ತದೆ. ಪಟ್ಟಕದಲ್ಲಿ ಬೆಳಕಿನ ಬಣ್ಣಗಳು ಬೇರ್ಪಡುವುದನ್ನು ವರ್ಣವಿಭಜನೆ ಎನ್ನುತ್ತೇವೆ. ಬಣ್ಣಕ್ಕೊಂದು ವೇಗವಿರುವುದೇ ಅದಕ್ಕೆ ಕಾರಣ. ಇಲ್ಲಿಯೂ ಆವೃತ್ತಿಗೊಂದು ವೇಗ. ಬೇರೆ ಬೇರೆ ಆವೃತ್ತಿಗಳಲ್ಲಿ ವೇಗ ಅಳೆದು ನಕ್ಷೆ ಬರೆದರೆ, ಆ ರೇಖೆ ಎಷ್ಟು ಓರೆಯಾಗಿ ಏರುತ್ತದೆ ಎಂಬುದರಿಂದ ಸ್ನಿಗ್ಧತೆಯ ಅಂದಾಜು ಸಿಗುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನ ಶಿಗಾವೊ ಚೆನ್, ಜೇಮ್ಸ್ ಗ್ರೀನ್‌ಲೀಫ್ ಮೊದಲಾದವರು 2004ರಿಂದ ಈ ವಿಧಾನವನ್ನು ಬೆಳೆಸಿದರು.

ವೈದ್ಯರಿಗೆ ಇದರಿಂದ ಏನು ಲಾಭ? ಗಡಸುತನ ಮುಖ್ಯವಾಗಿ ನಾರನ್ನು ಸೂಚಿಸಿದರೆ, ಸ್ನಿಗ್ಧತೆ ಈಗ ನಡೆಯುತ್ತಿರುವ ಉರಿಯೂತವನ್ನು ಸೂಚಿಸಬಹುದು ಎಂಬ ನಿರೀಕ್ಷೆಯಿದೆ. ಜಪಾನಿನ ಸಂಶೋಧಕರು ಇಲಿಗಳಲ್ಲೂ ಆಮೇಲೆ ರೋಗಿಗಳಲ್ಲೂ ಇಂಥ ಸಂಬಂಧವನ್ನು ಕಂಡಿದ್ದಾರೆ. ಹಳೆಯ ಗಾಯದ ಕಲೆ ಯಾವುದು, ಉರಿಯುತ್ತಿರುವ ಹೊಸ ಗಾಯ ಯಾವುದು ಎಂದು ಸೂಜಿಯಿಲ್ಲದೆ ಬೇರ್ಪಡಿಸಿ ಹೇಳುವುದು ಸಣ್ಣ ಸಂಗತಿಯಲ್ಲ. ಆದರೆ ಗಡಸುತನಕ್ಕೆ ಇರುವಂಥ ಒಪ್ಪಿತ ಮಟ್ಟಗಳು ಸ್ನಿಗ್ಧತೆಗೆ ಇನ್ನೂ ನಿಗದಿಯಾಗಿಲ್ಲ.

ಸ್ನಿಗ್ಧತೆಯಿಂದ ತಿಳಿಯಬೇಕಾದ ಇನ್ನೊಂದು ವ್ಯಾವಹಾರಿಕ ವಿಷಯವಿದೆ. ಒಂದು ಯಂತ್ರ ಸೆಕೆಂಡಿಗೆ 50 ಕಂಪನದ ತರಂಗ ಬಳಸುತ್ತದೆ, ಇನ್ನೊಂದು ನೂರಾರು ಕಂಪನದ್ದನ್ನು. ಹೀಗಾಗಿ ಒಂದೇ ಯಕೃತ್ತು ಎರಡು ಯಂತ್ರಗಳಲ್ಲಿ ಎರಡು ಸಂಖ್ಯೆ ತೋರಬಹುದು. ಯಾವ ಯಂತ್ರವೂ ಸುಳ್ಳು ಹೇಳುತ್ತಿಲ್ಲ. ಕಳೆದ ವರ್ಷದ ಅಳತೆಯ ಜೊತೆ ಈ ವರ್ಷದ್ದನ್ನು ಹೋಲಿಸುವಾಗ ಸಾಧ್ಯವಾದಷ್ಟೂ ಅದೇ ಬಗೆಯ ಯಂತ್ರದಲ್ಲಿ ಅಳತೆ ಮಾಡಿಸುವುದು ಒಳ್ಳೆಯದು.

ಸಂಖ್ಯೆಯನ್ನು ಓದುವ ಬಗೆ

ಬಾವೆನೊ ಎಂಬ ಇಟಲಿಯ ಊರಿನ ಹೆಸರಿನಲ್ಲಿ ನಡೆಯುವ ತಜ್ಞರ ಸಭೆ 2021ರಲ್ಲಿ ಈ ಅಳತೆಗಳನ್ನು ನೆನಪಿಡಲು 'ಐದರ ನಿಯಮ' ಮಾಡಿತು. 10, 15, 20, 25 ಕಿಲೋಪ್ಯಾಸ್ಕಲ್ ಅದರ ಮೆಟ್ಟಿಲುಗಳು. ದೀರ್ಘಕಾಲದ ಯಕೃತ್ ರೋಗಿಗಳಲ್ಲಿ, ಬೇರೆ ಲಕ್ಷಣಗಳಿಲ್ಲದಿದ್ದರೆ, 10ಕ್ಕಿಂತ ಕಡಿಮೆ ಇದ್ದಾಗ ರೋಗ ಬಲಿತಿರುವ ಸಂಭವ ಕಡಿಮೆ. 15ಕ್ಕಿಂತ ಹೆಚ್ಚಾದರೆ ಬಲಿತಿರುವ ಸಂಭವ ಬಹಳ ಹೆಚ್ಚು. 20ಕ್ಕಿಂತ ಕಡಿಮೆ ಇದ್ದು ರಕ್ತದ ಪ್ಲೇಟ್‌ಲೆಟ್ ಎಣಿಕೆ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರೆ, ಅನ್ನನಾಳದ ರಕ್ತನಾಳಗಳು ಉಬ್ಬಿವೆಯೇ ಎಂದು ನೋಡುವ ಎಂಡೋಸ್ಕೋಪಿಯನ್ನು ಸದ್ಯಕ್ಕೆ ತಪ್ಪಿಸಬಹುದು.

ಆದರೆ ಯಂತ್ರ ಅಳೆಯುವುದು ಗಡಸುತನವನ್ನು, ನಾರನ್ನಲ್ಲ. ಇದನ್ನು ಮರೆಯಬಾರದು. ಹೊಟ್ಟೆತುಂಬ ಉಂಡು ಬಂದರೆ ಯಕೃತ್ತಿಗೆ ರಕ್ತದ ಹರಿವು ಹೆಚ್ಚಿ ಸಂಖ್ಯೆ ಏರುತ್ತದೆ. ಆದ್ದರಿಂದ ಪರೀಕ್ಷೆಗೆ ಮೊದಲು ಕನಿಷ್ಠ ಮೂರು ಗಂಟೆ ಏನೂ ತಿನ್ನದಿರುವಂತೆ ಹೇಳುತ್ತಾರೆ. ಕಾಮಾಲೆಯಂಥ ತೀವ್ರ ಉರಿಯೂತ, ಪಿತ್ತನಾಳದ ಅಡಚಣೆ, ಹೃದಯದ ದೌರ್ಬಲ್ಯದಿಂದ ಯಕೃತ್ತಿನಲ್ಲಿ ರಕ್ತ ತಂಗುವುದು ಇವುಗಳಿಂದಲೂ ಸಂಖ್ಯೆ ಹೆಚ್ಚುತ್ತದೆ. ನಾರಿಲ್ಲದಿದ್ದರೂ ಸಿರೋಸಿಸ್ಸಿನಷ್ಟು ಸಂಖ್ಯೆ ಬರುವುದುಂಟು. ಬೊಜ್ಜಿನ ಮೈಯಲ್ಲಿ ಅಳತೆ ಕಷ್ಟವಾದ್ದರಿಂದ ಅದಕ್ಕೆ ಬೇರೆ ತುದಿಯಿದೆ, ಮಕ್ಕಳಿಗೆ ಚಿಕ್ಕ ತುದಿಯಿದೆ. ವರದಿಯ ಕಾಗದ ಕೈಗೆ ಬಂದ ಕೂಡಲೇ ಮನೆಮಂದಿಯೆಲ್ಲ ಕಂಗಾಲಾಗುವ ಬದಲು, ಖಾಲಿ ಹೊಟ್ಟೆಯಲ್ಲಿ ಅಳೆದರೇ, ಹತ್ತು ಅಳತೆಗಳು ಒಂದಕ್ಕೊಂದು ಹೊಂದುತ್ತವೆಯೇ, ರಕ್ತಪರೀಕ್ಷೆ ಏನು ಹೇಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ವೈದ್ಯರ ಮುಂದಿಡುವುದು ಜಾಣತನ.

ಮನೆಯವರು ಮಾಡಬೇಕಾದ್ದು

ಹೆಪಟೈಟಿಸ್ ಬಿ ಲಸಿಕೆ 2011ರಿಂದ ನಮ್ಮ ದೇಶದಾದ್ಯಂತ ಶಿಶುಗಳ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿದೆ. ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಬೇಕು. ಹೆಪಟೈಟಿಸ್ ಸಿ ಬಂದವರಿಗೆ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ 2018ರ ಜುಲೈ 28ರಂದು ಆರಂಭವಾಗಿದ್ದು, ಅದರಲ್ಲಿ ಉಚಿತ ಚಿಕಿತ್ಸೆಯ ವ್ಯವಸ್ಥೆಯಿದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರೋ ಸೊಂಟದ ಸುತ್ತ ಬೊಜ್ಜು ಬಂದವರೋ ಇದ್ದು, ಸ್ಕ್ಯಾನ್ ವರದಿಯಲ್ಲಿ 'ಫ್ಯಾಟಿ ಲಿವರ್' ಎಂದಿದ್ದರೆ ಅದನ್ನು "ಎಲ್ಲರಿಗೂ ಇರುವುದೇ" ಎಂದು ಮಡಚಿಟ್ಟುಬಿಡಬಾರದು. ನಾರು ಕಟ್ಟಿದೆಯೇ ಎಂದು ನೋಡಬೇಕೋ ಬೇಡವೋ ಎಂಬುದನ್ನು ವೈದ್ಯರಲ್ಲಿ ಕೇಳಬೇಕು. ಇಂಥವರು ತೂಕವನ್ನು ಶೇಕಡ 7ರಿಂದ 10ರಷ್ಟು ಇಳಿಸಿದರೆ ಉರಿಯೂತವೂ, ಹಲವರಲ್ಲಿ ನಾರೂ ಕಡಿಮೆಯಾಗುವುದನ್ನು ಅಧ್ಯಯನಗಳು ತೋರಿಸಿವೆ. ಎಂಬತ್ತು ಕಿಲೋ ತೂಗುವ ತಂದೆಗೆ ಇದು ಆರರಿಂದ ಎಂಟು ಕಿಲೋ. ಸಂಜೆ ಮಗನೋ ಮಗಳೋ ಜೊತೆಗೂಡಿ ಬಿರುಸಾಗಿ ನಡೆಯಹೊರಟರೆ ಆಗದ ಮಾತೇನಲ್ಲ. ದಾರಿಯಲ್ಲಿ ಮಾತಾಡಲು ಅಡ್ಡ ತರಂಗದ ಪಾಠವೂ ಇದೆ.